ತಣ್ಣನೆಯ ದೊರೆಯ ದೀಪ

ಈಗಿನ ಊರುಗಳಿಗೆ ಈಗಿನ ಹೆಸರು ಬರುವುದಕ್ಕೂ ಬಹಳ ಹಿಂದೆ ಬಿಳಿಗಲ್ಲು ಎಂಬ ರಾಜ್ಯವೊಂದಿತ್ತು. ಆ ರಾಜ್ಯದಲ್ಲಿ ಒಂದು ದೊಡ್ಡ ಕೆರೆ, ಕೆರೆಯ ನಡುವೆ ಒಂದು ನಡುಗಡ್ಡೆ, ನಡುಗಡ್ಡೆಯ ಮೇಲೆ ಒಂದು ಹಳೆಯ ಕೋಟೆ. ಆ ಕೋಟೆಯಲ್ಲಿ ಒಬ್ಬನೇ ಒಬ್ಬ ಇದ್ದ. ಅವನಿಗೆ ನೆರಳು ಬೀಳುತ್ತಿರಲಿಲ್ಲ. ಅವನು ಮುಟ್ಟಿದ ಹೂ ಕಪ್ಪಾಗುತ್ತಿತ್ತು, ಮುಟ್ಟಿದ ಹಕ್ಕಿ ಸೆಟೆದು ಬೀಳುತ್ತಿತ್ತು. ಹಟ ಮಾಡುವ ಮಕ್ಕಳಿಗೆ ತಾಯಂದಿರು, "ಸುಮ್ಮನಿರು, ತಣ್ಣನೆಯ ದೊರೆ ಬಂದಾನು" ಅನ್ನುತ್ತಿದ್ದರು.

ಅವನ ಹೆಸರು ಕೇತರಸ, ಬಿಳಿಗಲ್ಲಿನ ರಾಜನ ಮಗ. ಹಿಂದೊಮ್ಮೆ ಆ ರಾಜ್ಯಕ್ಕೆ ಕೆಂಡಜ್ವರ ಬಂದು ಮನೆಮನೆಯಲ್ಲೂ ಜನ ಬೆಂದು ಸಾಯುತ್ತಿದ್ದಾಗ, ಅವನು ಕರಿಬೆಟ್ಟದ ಮಾಂತ್ರಿಕ ಉರಿಗಣ್ಣನ ಮುಂದೆ ಹೋಗಿ ಕೈಮುಗಿದಿದ್ದ. "ನಿನ್ನ ಜೀವದ ದೀಪ ನನಗೆ ಕೊಡು, ಜ್ವರವನ್ನು ಹಿಂದಕ್ಕೆ ಕರೆಯುತ್ತೇನೆ" ಅಂದ ಉರಿಗಣ್ಣ. ಕೇತರಸ ಕೊಟ್ಟ. ಜ್ವರ ಹೋಯಿತು, ಮಲಗಿದ್ದವರು ಎದ್ದು ಕೂತು ಗಂಜಿ ಕೇಳಿದರು. ಆದರೆ ಬೆಟ್ಟ ಇಳಿದು ಬಂದ ರಾಜಕುಮಾರ ಸತ್ತವನೂ ಅಲ್ಲ, ಬದುಕಿದವನೂ ಅಲ್ಲ. ಓಡಿಬಂದು ತಬ್ಬಿಕೊಂಡ ದಾದಿ ಅವನ ತೋಳಿನಲ್ಲೇ ತಣ್ಣಗಾಗಿ ಹೋದಳು. ಹೆದರಿದ ರಾಜ ಮಗನನ್ನು ನಡುಗಡ್ಡೆಗೆ ಕಳಿಸಿದ. ವರ್ಷಗಳು ಕಳೆದಂತೆ ಅವನು ಬೆಟ್ಟಕ್ಕೆ ಯಾಕೆ ಹೋಗಿದ್ದ ಅನ್ನುವುದನ್ನು ಜನ ಮರೆತರು. ಹೆದರಿಕೆ ಮಾತ್ರ ಉಳಿಯಿತು.

ಮರೆಯದ ಮನೆ ಒಂದಿತ್ತು. ಬಟ್ಟೆಗೆ ಬಣ್ಣ ಹಾಕುವ ಜಕ್ಕವ್ವನ ಮನೆ. ಕೆಂಡಜ್ವರದಲ್ಲಿ ಕಣ್ಣು ಮೇಲೆ ಮಾಡಿದ್ದ ಅವಳ ತೊಟ್ಟಿಲ ಕೂಸು, ಜ್ವರ ಹೋದೊಡನೆ ಮತ್ತೆ ಕಣ್ಣು ಬಿಟ್ಟಿತ್ತು. ಅಂದಿನಿಂದ ಜಕ್ಕವ್ವ ಸಂಜೆ ದೀಪ ಹಚ್ಚಿದ ಮೇಲೆ ಕೆರೆಯ ಕಡೆ ತಿರುಗಿ, "ನನ್ನ ಮಗಳನ್ನು ಉಳಿಸಿದೆಯಪ್ಪ, ನಿನ್ನ ಹೊಟ್ಟೆ ತಣ್ಣಗಿರಲಿ" ಅನ್ನುತ್ತಿದ್ದಳು. ಆ ಮಗಳು ಸುಗ್ಗಲೆ. ಈ ಮಾತು ಕೇಳುತ್ತಲೇ ದೊಡ್ಡವಳಾದಳು.

ಒಂದು ದಿನ ಸುಗ್ಗಲೆ ಕೇಳಿದಳು: "ಅವ್ವ, ಇದನ್ನು ಅವರಿಗೇ ಹೋಗಿ ಹೇಳಬಾರದಾ?"

ಜಕ್ಕವ್ವ ಹಿಂಡುತ್ತಿದ್ದ ಸೀರೆಯನ್ನು ಹಾಗೇ ಹಿಡಿದು ನಿಂತಳು. "ಹೇಳಬೇಕು ಮಗಳೇ" ಅಂದಳು. "ಇಷ್ಟು ವರ್ಷವಾಯಿತು, ಯಾರೂ ಹೇಳಿಲ್ಲ."

ಬೆಳಿಗ್ಗೆ ಬಿಸಿ ಕಡುಬು ಕಟ್ಟಿಕೊಂಡು ಸುಗ್ಗಲೆ ದೋಣಿ ಹತ್ತಿದಳು. ಅಂಬಿಗ ಮಾಚ ಅರಮನೆಯ ಅಡುಗೆಯನ್ನು ಕೋಟೆಯ ಮೆಟ್ಟಿಲ ಮೇಲಿಟ್ಟು, ತಲೆ ಎತ್ತದೆ ವಾಪಸು ಬರುವವನು. "ಇಳಿಯಬೇಡ ತಾಯಿ" ಅಂದ. ಅವಳು ಇಳಿದಳು.

ಅಂಗಳದ ಆಚೆ ಕಂಬದ ಮರೆಯಿಂದ ದನಿ ಬಂತು. "ಅಲ್ಲೇ ನಿಲ್ಲು. ಹತ್ತಿರ ಬಂದರೆ ನಿನ್ನ ಮೈಯ ಬಿಸಿ ನನಗೆ ಬರುತ್ತದೆ. ಏನು ಬೇಕಿತ್ತು?"

"ಏನೂ ಬೇಡ ದೊರೆ. ನಿಮ್ಮಿಂದ ಬದುಕಿದವಳು ನಾನು. ನಿಮ್ಮ ಹೊಟ್ಟೆ ತಣ್ಣಗಿರಲಿ ಅಂತ ಹೇಳಿ ಹೋಗೋಣ ಅಂತ ಬಂದೆ."

ಕಂಬದ ಹಿಂದಿನವನು ನಕ್ಕ. ನಗು ಮರೆತವನು ನೆನಪು ಮಾಡಿಕೊಂಡು ನಕ್ಕ ಹಾಗಿತ್ತು. "ತಣ್ಣಗೇ ಇದ್ದೇನೆ" ಅಂದ. "ಬೇರೆ ಏನಾದರೂ ಹರಸು."

ಅವಳಿಗೂ ನಗು ಬಂತು. ಕಡುಬು ಇಟ್ಟು ಬಂದಳು. ಮರುದಿನ ಮತ್ತೆ ಹೋದಳು, ಅದರ ಮರುದಿನವೂ ಹೋದಳು. ಅಂಗಳದ ಈ ತುದಿಯಲ್ಲಿ ಅವಳು, ಆ ತುದಿಯಲ್ಲಿ ಅವನು. ಜ್ವರದಿಂದ ಎದ್ದವರೆಲ್ಲ ಈಗ ಏನು ಮಾಡುತ್ತಿದ್ದಾರೆ, ಯಾರಿಗೆ ಮದುವೆಯಾಯಿತು, ಯಾರ ಮನೆಯಲ್ಲಿ ಕೂಸು ಹುಟ್ಟಿತು ಎಂದು ಅವನು ಕೇಳುತ್ತಿದ್ದ. ಅವಳು ಹೇಳುತ್ತಿದ್ದಳು. ಅವನು ಕಂಬದ ಮರೆಯಿಂದ ಈಚೆ ಬಂದು ಕೂರುವಂತಾದ. ಜೀವದ ದೀಪ ಕೊಟ್ಟ ದಿನದ ವಯಸ್ಸಿನಲ್ಲೇ ನಿಂತುಬಿಟ್ಟಿದ್ದ ಮುಖ ಅದು. ಆ ಮುಖ ನೋಡದ ದಿನ ಸುಗ್ಗಲೆಗೆ ಊಟ ಸೇರುತ್ತಿರಲಿಲ್ಲ.

ಒಂದು ಮಳೆಗಾಲದ ಬೆಳಿಗ್ಗೆ ಪಾಚಿಗಟ್ಟಿದ ಮೆಟ್ಟಿಲಲ್ಲಿ ಕಾಲು ಜಾರಿ ಸುಗ್ಗಲೆ ನೀರಿಗೆ ಬಿದ್ದಳು. ಮಾಚ ದೋಣಿ ತಿರುಗಿಸುವಷ್ಟರಲ್ಲಿ ಕೇತರಸ ಹಾರಿ ಅವಳ ಎಡಗೈ ಹಿಡಿದು ಮೇಲಕ್ಕೆಳೆದ. ಮೊಣಕೈವರೆಗೆ ಅವಳ ಕೈ ಜೀವ ಕಳೆದುಕೊಂಡಿತು. ಅವನ ಕೆನ್ನೆಗೆ ಬಣ್ಣ ಬಂತು, ನೆಲದ ಮೇಲೆ ಅರೆಗಳಿಗೆ ನೆರಳು ಮೂಡಿತು. ಅವನು ಬಿಡಲಿಲ್ಲ. ಅವಳನ್ನು ಇನ್ನೂ ಹತ್ತಿರಕ್ಕೆಳೆದ. ಅವನ ಕಣ್ಣಿನಲ್ಲಿ ಪ್ರೀತಿಯೂ ಇತ್ತು, ಹಸಿವೂ ಇತ್ತು. ಅವಳ ತುಟಿ ನೀಲಿಯಾಗುವುದನ್ನು ಕಂಡು ಕೈ ಕೊಸರಿಕೊಂಡು ಒಳಗೆ ಓಡಿ ಅಗಳಿ ಹಾಕಿಕೊಂಡ.

"ಇನ್ನು ಬರಬೇಡ ಸುಗ್ಗಲೆ" ಅಂದ ಬಾಗಿಲ ಹಿಂದಿನಿಂದ. "ನಿನ್ನ ಬಿಸಿ ನನಗೆ ಹಿತವಾಯಿತು. ಅದಕ್ಕೇ ಹೆದರಿಕೆ. ಇನ್ನೊಂದು ಸಲ ಹಿಡಿದರೆ ಬಿಡಲಾರೆ."

ಅವಳು ಬಾಗಿಲಿಗೆ ಹಣೆಯಿಟ್ಟು, "ಹಾಗಾದರೆ ನಿಮ್ಮ ದೀಪ ತಂದೇ ಬರುತ್ತೇನೆ" ಅಂದಳು.

ಕರಿಬೆಟ್ಟಕ್ಕೆ ಮೂರು ಬಾಗಿಲು. ಮೊದಲನೆಯ ಬಾಗಿಲಲ್ಲಿ ಬೂದಿಯ ತೋಳ ಮಲಗಿತ್ತು. "ಏನು ಬೇಕು ಹೆಣ್ಣೇ?" ಎಂದಿತು.

"ನನಗೇನೂ ಬೇಡ. ಒಬ್ಬರ ದೀಪ ತರಬೇಕು."

"ಹಾಗಾದರೆ ನಿನ್ನ ಕಂಬಳಿ ಕೊಡು. ಚಳಿಯಲ್ಲಿ ಹೋಗು."

ಸುಗ್ಗಲೆ ಕಂಬಳಿ ಹೊದಿಸಿ, ಮೈ ನಡುಗುತ್ತಿದ್ದರೂ ಅದರ ಅಂಚುಗಳನ್ನು ತೋಳದ ಬೆನ್ನಿನ ಕೆಳಗೆ ಸಿಕ್ಕಿಸಿದಳು. ತೋಳ ಅವಳನ್ನೇ ನೋಡಿತು. "ನಾನೂ ಮನುಷ್ಯನಾಗಿದ್ದೆ" ಎಂದಿತು. "ಒಂದು ಗುಟ್ಟು ಕೇಳು. ಉರಿಗಣ್ಣನಿಗೆ ಸ್ವಂತ ಬಿಸಿ ಇಲ್ಲ. ಅವನು ಕೊಂಡ ದೀಪಗಳಲ್ಲಿ ಒಂದು ಹಿಂದಕ್ಕೆ ಹೋದರೂ ಎಲ್ಲವೂ ಹಿಂದಕ್ಕೆ ಹೋಗುತ್ತವೆ."

ಎರಡನೆಯ ಬಾಗಿಲಿಗೆ ಹೆಬ್ಬಾವು ಸುತ್ತಿಕೊಂಡಿತ್ತು. "ಏನು ಬೇಕು ಹೆಣ್ಣೇ?"

"ನನಗೇನೂ ಬೇಡ. ಒಬ್ಬರ ದೀಪ ತರಬೇಕು."

"ಹಾಗಾದರೆ ನಿನ್ನ ಕೂದಲ ಕಪ್ಪು ಕೊಡು. ಮುದುಕಿಯ ಹಾಗೆ ಹೋಗು."

ಸುಗ್ಗಲೆಗೆ ತನ್ನ ಜಡೆಯೆಂದರೆ ಇಷ್ಟವಿತ್ತು. ಒಂದು ಗಳಿಗೆ ಅದನ್ನು ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ತಲೆ ಬಗ್ಗಿಸಿದಳು. ಹಾವಿನ ನಾಲಿಗೆ ಸೋಕಿದ್ದೇ ಕೂದಲೆಲ್ಲ ಹತ್ತಿಯಂತೆ ಬೆಳ್ಳಗಾಯಿತು. ಹಾವು ಸುತ್ತು ಬಿಚ್ಚಿತು.

ಮೂರನೆಯ ಬಾಗಿಲ ಒಳಗಿನ ಗುಹೆಯಲ್ಲಿ ಉರಿಗಣ್ಣನೇ ಕೂತಿದ್ದ. ಸುತ್ತಲೂ ಲೆಕ್ಕವಿಲ್ಲದಷ್ಟು ದೀಪಗಳು, ಎಲ್ಲವೂ ಒಂದೇ ಥರ. ಅವುಗಳ ಮೇಲೆ ಕೈ ಕಾಯಿಸಿಕೊಳ್ಳುತ್ತಾ, "ಏನು ಬೇಕು ಹೆಣ್ಣೇ?" ಅಂದ.

"ಕೇತರಸರ ದೀಪ."

"ಗುರುತು ಹಿಡಿ. ತಪ್ಪಿದರೆ ನಿನ್ನದೂ ಇಲ್ಲೇ ಉರಿಯುತ್ತದೆ."

ಕಣ್ಣಿಗೆ ಒಂದೂ ಗುರುತು ಸಿಗಲಿಲ್ಲ. ಸುಗ್ಗಲೆ ಜೀವವಿಲ್ಲದ ಎಡಗೈಯನ್ನು ಬಲಗೈಯಲ್ಲಿ ಎತ್ತಿಕೊಂಡು ಒಂದೊಂದೇ ದೀಪದ ಮುಂದೆ ಹಿಡಿಯುತ್ತಾ ಹೋದಳು. ಮೂಲೆಯ ಒಂದು ದೀಪದ ಮುಂದೆ ಬೆರಳ ತುದಿ ಚುರುಗುಟ್ಟಿತು. ಆ ಕೈಯ ಬಿಸಿ ಹೋಗಿದ್ದದ್ದು ಕೇತರಸನಿಗೆ, ಹಾಗಾಗಿ ಆ ಕೈಗೆ ಅವನ ದೀಪ ಗೊತ್ತಿತ್ತು. "ಇದು" ಅಂದಳು.

ಉರಿಗಣ್ಣನ ಮುಖ ಕಪ್ಪಿಟ್ಟಿತು. ಆದರೂ ಹಲ್ಲು ಕಿರಿದ. "ನೀನು ಗೆದ್ದೆ. ಇನ್ನು ನಿನ್ನನ್ನು ತಡೆಯುವ ಹಕ್ಕು ನನಗಿಲ್ಲ. ಆದರೆ ಆ ದೀಪದ ಕೆಳಗೇ ಕೆಂಡಜ್ವರ ಮುಚ್ಚಿಕೊಂಡಿದೆ. ಎತ್ತಿದರೆ ಅದು ಅಂದು ತಾನು ಬಿಟ್ಟುಬಂದ ಜನರನ್ನೇ ಹುಡುಕಿಕೊಂಡು ಹೋಗುತ್ತದೆ, ಎಲ್ಲರೂ ಸಾಯುತ್ತಾರೆ. ಅವರೇ ಮನಸಾರೆ ಇಲ್ಲಿಗೆ ಬಂದು ಕೈ ಕೈ ಹಿಡಿದು ಹಂಚಿಕೊಂಡರೆ ಒಂದು ಹಗಲಿನ ಜ್ವರ, ಅಷ್ಟೇ. ಯಾರು ಬರುತ್ತಾರೆ ಹೋಗಿ ಕೇಳು."

ಬೆಳ್ಳಗಾದ ತಲೆಯಲ್ಲಿ ಸುಗ್ಗಲೆ ಊರ ಪೇಟೆಯ ನಡುವೆ ಬಂದು ನಿಂತಳು. ಸುದ್ದಿ ಹಬ್ಬಿ ಜನ ಸೇರಿದರು. ಮುದಿ ರಾಜನೂ ಪಲ್ಲಕ್ಕಿಯಲ್ಲಿ ಬಂದ. ಅವಳು ನಡೆದದ್ದನ್ನೆಲ್ಲ ಹೇಳಿದಳು. "ನಮ್ಮೆಲ್ಲರ ಜ್ವರವನ್ನು ಅವರೊಬ್ಬರೇ ಹೊತ್ತಿದ್ದಾರೆ. ನಾನು ನನ್ನ ಪಾಲಿನದು ಹೊರುತ್ತೇನೆ. ಬಲವಂತ ಯಾರಿಗೂ ಇಲ್ಲ" ಅಂದಳು.

ಕೆಲವರು ಮಕ್ಕಳನ್ನು ಎಳೆದುಕೊಂಡು ಹಿಂದೆ ಸರಿದರು. ಕೊನೆಗೆ ಅಂಬಿಗ ಮಾಚ ಮುಂದೆ ಬಂದ. "ಇಷ್ಟು ವರ್ಷ ಅವರಿಗೆ ಅನ್ನ ಒಯ್ದೆ, ಒಂದು ದಿನ ಮುಖ ನೋಡಲಿಲ್ಲ" ಅಂದ. "ನನ್ನ ಪಾಲು ನನಗೆ ಕೊಡು ತಾಯಿ."

ಜಕ್ಕವ್ವ ಮಗಳ ಪಕ್ಕಕ್ಕೆ ಬಂದು ನಿಂತಳು. ಆಮೇಲೆ ಪಲ್ಲಕ್ಕಿ ನೆಲಕ್ಕಿಳಿಯಿತು. ಮುದಿ ರಾಜ ಕಿರೀಟ ತೆಗೆದಿಟ್ಟು ನಡೆದುಬಂದ. "ಎಲ್ಲರಿಗಿಂತ ದೊಡ್ಡ ಪಾಲು ನನಗಿರಲಿ" ಅಂದ. ಆ ಮಾತಿನ ನಂತರ ಜನ ನಿಲ್ಲಲಿಲ್ಲ. ಕುಂಬಾರರು ಬಂದರು, ನೇಯ್ಗೆಯವರು ಬಂದರು, ಜ್ವರದಿಂದ ಉಳಿದವರ ಹೊಟ್ಟೆಯಲ್ಲಿ ಹುಟ್ಟಿದವರೂ ನಮ್ಮದೂ ಇದರಲ್ಲಿ ಪಾಲಿದೆ ಅಂದರು.

ಊರೂ ಸುತ್ತಲಿನ ಹಳ್ಳಿಗಳೂ ಬೆಟ್ಟ ಹತ್ತಿದವು. ಕೈ ಕೈ ಹಿಡಿದ ಸಾಲು ಗುಹೆಯಿಂದ ತಪ್ಪಲಿನವರೆಗೂ ಇತ್ತು. ಸುಗ್ಗಲೆ ದೀಪ ಎತ್ತಿದಳು. ಜ್ವರ ಬುಸುಗುಟ್ಟಿ ಹೊರಬಿದ್ದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹರಿಯಿತು. ಎಲ್ಲರ ಮೈಯೂ ಕಾದಿತು, ಎಲ್ಲರ ಹಲ್ಲೂ ಕಟಕಟಿಸಿತು. ಯಾರೂ ಕೈ ಬಿಡಲಿಲ್ಲ. ಹೊತ್ತು ಇಳಿಯುವ ಹೊತ್ತಿಗೆ ಎಲ್ಲರೂ ಬೆವೆತರು, ಜ್ವರ ಬಿಟ್ಟಿತು.

ಗುಹೆಯ ಉಳಿದ ದೀಪಗಳೆಲ್ಲ ಒಂದೊಂದಾಗಿ ಮೇಲೆದ್ದು ತಮ್ಮ ತಮ್ಮವರ ಕಡೆ ಹಾರಿದವು. ಬೂದಿಯ ತೋಳ ಕಂಬಳಿ ಹೊದ್ದ ಗಂಡಸಾಗಿ ಎದ್ದು ಕೂತ. ಹೆಬ್ಬಾವು ಒಬ್ಬ ಹೆಂಗಸಾಗಿ ತವರಿನ ದಾರಿ ಕೇಳಿದಳು. ಉರಿಗಣ್ಣ ಕೈ ಕಾಯಿಸಲು ಒಂದು ಕಿಡಿಯೂ ಇಲ್ಲದೆ ಕೂತಲ್ಲೇ ಇದ್ದಿಲಾಗಿ ಉದುರಿದ.

ಸುಗ್ಗಲೆ ದೀಪವನ್ನು ಸೆರಗಿನ ಮರೆಯಲ್ಲಿಟ್ಟುಕೊಂಡು ಕೋಟೆಗೆ ಹೋದಳು. ಕೇತರಸ ಅಗಳಿ ತೆಗೆದ. ದೀಪ ಅವನ ಎದೆಯೊಳಗೆ ಹೋಯಿತು, ನೆಲದ ಮೇಲೆ ಅವನ ನೆರಳು ಬಿತ್ತು, ಸುಗ್ಗಲೆಯ ಎಡಗೈಗೆ ಜೀವ ಮರಳಿತು. ಅವನು ಮೊದಲು ಮುಟ್ಟಿದ್ದು ಅವಳ ಬೆಳ್ಳನೆಯ ಕೂದಲನ್ನು.

"ನನಗಾಗಿ ಕಳೆದುಕೊಂಡೆಯಾ?"

"ನಿಮ್ಮಿಂದ ಬದುಕಿದ್ದಕ್ಕಲ್ಲವಾ ಕೂದಲು ಬೆಳೆದದ್ದು" ಅಂದಳು ಸುಗ್ಗಲೆ.

ದಡದಲ್ಲಿ ಜನ ಕಾಯುತ್ತಿದ್ದರು. ಹಳ್ಳಿಹಳ್ಳಿಯಿಂದ ಬಂದು ಒಬ್ಬೊಬ್ಬರೇ ಅವನ ಕೈ ಹಿಡಿದು, "ನಿಮ್ಮ ಉಪಕಾರ ದೊರೆ" ಅಂದರು. ಕೇತರಸ ಪ್ರತಿಯೊಬ್ಬರನ್ನೂ, "ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ?" ಎಂದು ಕೇಳಿದ. ಮುದಿ ರಾಜ ಮಗನನ್ನು ತಬ್ಬಿಕೊಂಡವನು ಬಹಳ ಹೊತ್ತು ಬಿಡಲಿಲ್ಲ.

ಮದುವೆಯಾಯಿತು, ಪಟ್ಟವೂ ಆಯಿತು. ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಕೇತರಸ ಹಣೆ ಒರೆಸಿಕೊಂಡು, "ಏನು ಸೆಖೆ ಸುಗ್ಗಲೆ, ತಡೆಯಲಾಗುತ್ತಿಲ್ಲ" ಎಂದು ಗೊಣಗಿದ. ಬೀಸಣಿಗೆ ಹಿಡಿದಿದ್ದ ಸುಗ್ಗಲೆ ಅದನ್ನು ಮಡಿಲಿಗೆ ಹಾಕಿಕೊಂಡು, ನಗುತ್ತಲೇ ಕಣ್ಣು ತುಂಬಿಕೊಂಡಳು. ಬಿಳಿಗಲ್ಲಿನಲ್ಲಿ ಆಮೇಲೆ ಎಷ್ಟೋ ಬೇಸಿಗೆಗಳು ಬಂದವು. ಅಲ್ಲಿಯ ಜನ ಒಂದನ್ನೂ ಶಪಿಸಲಿಲ್ಲ.