ಎದ್ದು ನಿಂತು ಹೊಡೆದ ಚಪ್ಪಾಳೆ

೧೯೭೬ರ ಮಾರ್ಚ್ ೧೦, ಬುಧವಾರ ಬೆಳಿಗ್ಗೆ ಉಳವಿಯ ದುರ್ಗಮ್ಮ ಸೊರಬ ಠಾಣೆಗೆ ಬಂದು, ಶನಿವಾರ ಹೋದ ಚಿನ್ನದ ಸರದ ಬಗ್ಗೆ ದೂರು ಕೊಟ್ಟರು.

"ಇಷ್ಟು ದಿನ ಯಾಕಮ್ಮ ಸುಮ್ನಿದ್ರಿ?" ಸಬ್ ಇನ್ಸ್‌ಪೆಕ್ಟರ್ ಮಹೇಶ್ವರಪ್ಪ ಕೇಳಿದರು.

"ನಾಚಿಕೆ ಸ್ವಾಮಿ. ನಾನೇ ಕೈಯಾರೆ ಕೊಟ್ಟಿದ್ದು."

ಊರ ನಾಟಕದ ರಾಣಿ ಪಾತ್ರಕ್ಕೆ ಹೆಂಗಸರು ತಮ್ಮ ಒಡವೆ ಕೊಡುವುದು ವಾಡಿಕೆ. ನಾಟಕ ಕಲಿಸಲು ಬಂದಿದ್ದ ಚಂದ್ರಕಾಂತ ಮಾಸ್ತರನದು ಬೆಣ್ಣೆಯಂಥ ಮಾತು. ಆಡಿಸಿದ್ದು, ಊರಿಗೆಲ್ಲ ಟೋಪಿ ಹಾಕುವ ಮೋಸಗಾರನೊಬ್ಬನ ನಗೆನಾಟಕ. ಆ ಪಾತ್ರವೂ ಆತನದೇ. ಶನಿವಾರ ರಾತ್ರಿ ಕೊನೆಯ ದೃಶ್ಯದಲ್ಲಿ ರಾಣಿಯ ಒಡವೆಗಳನ್ನು ಗಂಟು ಕಟ್ಟಿ, ಜನರಿಗೆ ಕೈಮುಗಿದು, ಸಭೆಯ ನಡುವೆಯೇ ನಡೆದುಹೋದ. ಊರು ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರಾಗಿ ಮುಂದೆ ಕೂತಿದ್ದ ಮಹೇಶ್ವರಪ್ಪನವರಂತೂ ಎದ್ದು ನಿಂತು ಚಪ್ಪಾಳೆ ಹೊಡೆದು, ಜೀಪು ಹತ್ತಿ ಮನೆಗೆ ಹೋಗಿದ್ದರು. ಮಾಸ್ತರ ತಿರುಗಿ ಬರಲಿಲ್ಲವೆಂದು ಅವರಿಗೆ ಗೊತ್ತಾದದ್ದು ಈಗ. ನಕ್ಕವರೆಲ್ಲ ಮುಖ ಮರೆಸಿಕೊಂಡು ಓಡಾಡುತ್ತಿದ್ದರು.

"ಸರ ಸೊಸೇದು. ಅವಳ್ನ ಕೇಳ್ದೆ ಕೊಟ್ಟೆ. ಶುಕ್ರವಾರ ತವರಿಂದ ಬರ್ತಾಳೆ. ಅಷ್ಟರೊಳಗೆ ಹುಡುಕಿಕೊಡ್ರಿ," ದುರ್ಗಮ್ಮ ಕಣ್ಣೊರೆಸಿಕೊಂಡರು.

ಎಫ್‌ಐಆರ್ ದಾಖಲಾಯಿತು. ರಂಗಸ್ಥಳದ ಪಂಚನಾಮೆಯಲ್ಲಿ ಸಿಕ್ಕಿದ್ದು ಅರಮನೆಯ ಚಿತ್ರವಿದ್ದ ಪರದೆಯೊಂದೇ. ಅದರ ಮೂಲೆಯಲ್ಲಿ ಬರೆದವನ ಹೆಸರಿತ್ತು: ಮುಕ್ತಾರ್ ಅಹಮದ್, ಶಿರಾಳಕೊಪ್ಪ. ಕಾನ್‌ಸ್ಟೇಬಲ್ ಜಮಾಲ್ ಸಾಬ್ ಬಸ್ಸು ಹಿಡಿದು ಅಲ್ಲಿಗೆ ಹೋದರು.

"ಉಳವಿ ನಾಟಕದ ಪರದೆ ಬರೆಸಿದೋನು ಎಲ್ಲವ್ನೆ?"

"ಇಂಥದ್ದೇ ಇನ್ನೊಂದು ಬರೆಸವ್ರೆ ಸಾಹೇಬ್ರೇ. ಶಿಕಾರಿಪುರದ ಹತ್ರದ ಹಳ್ಳೀಗೆ ನಿನ್ನೆ ಕಳ್ಸಿದೆ."

ಗುರುವಾರ ಸಂಜೆ, ಶಿಕಾರಿಪುರ ಠಾಣೆಗೆ ತಿಳಿಸಿ, ಆ ಹಳ್ಳಿಯಲ್ಲಿ ತಾಲೀಮು ನಡೆಯುತ್ತಿದ್ದಾಗಲೇ ಮಾಸ್ತರನನ್ನು ಬಂಧಿಸಿದರು. ನಿಜವಾದ ಹೆಸರು ಸಣ್ಣಪ್ಪ. ಉಳವಿಯ ಒಡವೆಗಳು ಅವನ ಟ್ರಂಕಿನಲ್ಲೇ ಇದ್ದವು.

"ಒಡವೆ ಮಾರಿ ಓಡಿಹೋಗೋದು ಬಿಟ್ಟು ಮತ್ತೆ ನಾಟಕ ಯಾಕೆ?" ಮಹೇಶ್ವರಪ್ಪ ಕೇಳಿದರು.

"ಇಪ್ಪತ್ತು ವರ್ಷ ಕಂಪನೀಲಿ ಪರದೆ ಎಳೆದೆ ಸ್ವಾಮಿ. ಒಂದು ಚಪ್ಪಾಳೇನೂ ನನಗಂತ ಬೀಳಲಿಲ್ಲ. ಉಳವೀಲಿ ಬಿತ್ತು. ಮೊದ್ಲು ಎದ್ದು ನಿಂತೋರು ನೀವೇ."

ಜಮಾಲ್ ಸಾಬ್ ಮುಖ ಆಚೆ ತಿರುಗಿಸಿದರು. ಮಹೇಶ್ವರಪ್ಪನವರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸರ ಸಿಕ್ಕಿತು, ಆದರೆ ಅದು ಈಗ ಕೇಸಿನ ಮಾಲು. ಕೋರ್ಟು ಬಿಡುವ ತನಕ ಕೊಡುವಂತಿಲ್ಲ.

ಶುಕ್ರವಾರ ಉಳವಿಗೆ ಬಸ್ಸು ಬಂದಾಗ ದುರ್ಗಮ್ಮನ ಪಕ್ಕದಲ್ಲಿ ಮಹೇಶ್ವರಪ್ಪ ನಿಂತಿದ್ದರು. ಬಸ್ಸಿಳಿದ ಸೊಸೆ ಲೋಕಮ್ಮ ಪೊಲೀಸರನ್ನು ಕಂಡು ಗಾಬರಿಯಾದಳು.

"ನಿಮ್ಮ ಸರ ಠಾಣೇಲಿದೆ ತಾಯಿ," ಮಹೇಶ್ವರಪ್ಪ ನೆಲ ನೋಡುತ್ತ ಹೇಳಿದರು. "ಅತ್ತೇನ ಬೈಬೇಡಿ. ಅವ್ನು ಹೊತ್ಕೊಂಡು ಹೋಗೋವಾಗ ಎದ್ದು ನಿಂತು ಚಪ್ಪಾಳೆ ಹೊಡೆದೋನು ನಾನು."