ನೀರು ಕೊಟ್ಟ ನೈಟ್

"ಇವರಿಬ್ಬರಿಗೆ ಜಗಳವಾ?"

ಸೌದಿಯ ಯಾನ್ಬು ಪಟ್ಟಣದ ಫ್ರೇಮ್ ಅಂಗಡಿಯಲ್ಲಿ ಶಮೀರಾ ಸಿಡುಕಿದಳು. ಅವಳು ಇಂಡಿಯನ್ ಸ್ಕೂಲಿನ ಹಿಸ್ಟರಿ ಟೀಚರ್. ರಿಟೈರಾಗಿ ಹೊರಟ ಬ್ರಿಟಿಷ್ ಎಂಜಿನಿಯರೊಬ್ಬ ಶಾಲೆಗೆ ಕೊಟ್ಟ ಹಳೆಯ ಅಚ್ಚುಚಿತ್ರಗಳು ಅವು, ಎಲ್ಲ ಇಂಗ್ಲೆಂಡಿನ ನೈಟ್‌ಗಳವು, ಅಂದರೆ 'ಸರ್' ಪದವಿ ಪಡೆದ ವೀರರವು. ಒಂದೇ ಫ್ರೇಮಿನೊಳಗೆ ಅಕ್ಕಪಕ್ಕ ಕೂರಿಸಿದ ಎರಡು ಚಿತ್ರಗಳಲ್ಲಿ ಸರ್ ವಾಲ್ಟರ್ ರಾಲಿಯೂ ಅವನ ಹೆಂಡತಿಯೂ ಒಬ್ಬರಿಗೊಬ್ಬರು ಬೆನ್ನು ಹಾಕಿದ್ದರು.

"ಮೊದಲು ಗಂಡ, ಆಮೇಲೆ ಹೆಂಡತಿ ಅಂದ್ರಿ ಟೀಚರ್," ಎಂದ ಫ್ರೇಮ್ ಹಾಕುವ ಇಮಾದ್. "ಇಲ್ಲಿ ಮೊದಲು ಅಂದ್ರೆ ಬಲಗಡೆಯಿಂದ. ಅರಬಿಗಳಿಗೆ ಫ್ರೇಮ್ ಹಾಕಿ ಹಾಕಿ ಕೈಗೆ ಅದೇ ಅಭ್ಯಾಸ."

"ಮುಖ ನೋಡ್ಲಿಕ್ಕಿಲ್ವಾ ಮಾರಾಯ್ರೆ?"

"ನೋಡ್ತಾ ಇದ್ದೇನಲ್ಲ," ಎಂದ. ಅವನ ಕಣ್ಣು ಚಿತ್ರದ ಮೇಲಿರಲಿಲ್ಲ. ಶಮೀರಾ ದುಪಟ್ಟಾ ಸರಿಮಾಡಿಕೊಂಡಳು, ಅದು ಸರಿಯಾಗಿಯೇ ಇದ್ದರೂ.

ಅವಳ ಮನೆಮಾತು ಬ್ಯಾರಿ, ಭಟ್ಕಳದ ಅವನದು ನವಾಯತಿ. ನಡುವೆ ಕನ್ನಡ. ಉಳಿದ ನೈಟ್‌ಗಳನ್ನು ಅವಳು ಒಟ್ಟಿಗೇ ತರಬಹುದಿತ್ತು, ವಾರಕ್ಕೊಬ್ಬನಂತೆ ತಂದಳು. ಒಂದು ಗಂಟೆಯ ಕೆಲಸಕ್ಕೆ ಅವನೂ ಒಂದು ವಾರ ಕೇಳುತ್ತಿದ್ದ. ಪ್ರೀತಿಗೆ ಬಿದ್ದವರ ಲೆಕ್ಕಾಚಾರವೇ ಹಾಗೆ.

"ಈ ವಾರದ ನೈಟ್ ಡ್ರೇಕ್‌ನ ಗಡ್ಡ ಚಂದವಾ, ನನ್ನದಾ?"

"ಅವನು ಬಾಚಿಕೊಳ್ತಿದ್ದ."

ಹಬ್ಬ ಕಳೆದ ಮೇಲೆ ಅವಳ ಅಣ್ಣ ಅಶ್ರಫನ ಹತ್ತಿರ ಮದುವೆಯ ಮಾತಾಡುವುದಾಗಿ ಇಮಾದ್ ಹೇಳಿದ್ದ. ಹಬ್ಬ ಕಳೆಯಿತು. ಅಂಗಡಿ ಮುಚ್ಚಿತು, ಫೋನ್ ಸ್ವಿಚ್ ಆಫ್. ಮತ್ತೆ ಬಾಗಿಲು ತೆರೆದ ದಿನ, ಕೊನೆಯ ಚಿತ್ರ ಹಿಡಿದು ಓಡಿಬಂದಳು. ಅವನು ಮಾಸ್ಕ್ ಹಾಕಿಕೊಂಡು ಬಟ್ಟೆಬರೆ ತುಂಬುತ್ತಿದ್ದ. ಅರ್ಧ ಆಳಾಗಿದ್ದ.

"ಇಲ್ಲಿ ಇರುವ ಪರ್ಮಿಟ್, ಇಕಾಮಾ, ಅದರ ರಿನ್ಯೂವಲ್‌ಗೆ ಮೆಡಿಕಲ್ ಆಯ್ತು. ಟಿಬಿ. ಆಸ್ಪತ್ರೆಯಲ್ಲಿ ಇಟ್ಟಿದ್ರು. ಈಗ ಫೈನಲ್ ಎಕ್ಸಿಟ್, ಊರಿಗೆ ವಾಪಸ್. ವೀಸಾ ಕೊಟ್ಟ ಕಫೀಲ್ ಏರ್‌ಪೋರ್ಟಿಗೆ ಬಿಡ್ಲಿಕ್ಕೆ ಗಾಡಿ ತರ್ತಿದ್ದಾನೆ."

"ನಾನು ಬರದಿದ್ರೆ?"

"ಹೇಳದೆ ಹೋಗ್ತಿದ್ದೆ."

ಅವನು ಕೆಮ್ಮಿದಾಗ ಬ್ಯಾಗಿನಿಂದ ನೀರಿನ ಬಾಟಲಿ ಚಾಚಿದಳು. ಅವನು ಹಿಂದೆ ಸರಿದ.

"ನಿಮ್ಮ ಬಾಟಲಿ ಬೇಡ ಟೀಚರ್. ಬೇರೆ ಒಳ್ಳೆಯ ಸಂಬಂಧ ಬಂದ್ರೆ ಹೂಂ ಅನ್ನಿ. ನಾನಿನ್ನು ಗಲ್ಫಿಗೆ ಬರ್ಲಿಕ್ಕಾಗುದಿಲ್ಲ."

ಶಮೀರಾ ಚಿತ್ರವನ್ನು ಮೇಜಿನ ಮೇಲೆ ಹರಡಿದಳು. ಗಾಯಗೊಂಡ ನೈಟ್ ಒಬ್ಬ ತನಗೆ ತಂದ ನೀರನ್ನು ನೆಲದಲ್ಲಿ ಬಿದ್ದ ಸೈನಿಕನಿಗೆ ಕೊಡಿಸುತ್ತಿದ್ದ.

"ಸರ್ ಫಿಲಿಪ್ ಸಿಡ್ನಿ. ನೀರು ಬಿಟ್ಟುಕೊಟ್ಟ ಅಂತ ಕಥೆ. ಗಾಯದಿಂದ ಸತ್ತ. ಎಷ್ಟೋ ಜನ ಇವನ ಚಿತ್ರ ಬರೆದ್ರು. ಆಗ ಅವನ ಹೆಂಡತಿ ಬಸುರಿ, ಇಮಾದ್. ಅವಳು ಎಂತ ಮಾಡಿದ್ಳು ಅಂತ ಯಾರಾದ್ರೂ ಬರೆದ್ರಾ? ನಿನಗೆ ಇವನ ಹಾಗೆ ದೊಡ್ಡವನಾಗ್ಬೇಕಾ?"

ಅವನು ಕುಸಿದು ಕೂತ. "ದೊಡ್ಡವನಲ್ಲ. ಹೆದರಿಕೆ. ನಿನ್ನ ಮೇಲೆ ಜೀವ ಇಟ್ಕೊಂಡಿದ್ದೇನೆ. ನನ್ನಿಂದ ನಿನಗೇನಾದ್ರೂ ಆದ್ರೆ?"

"ಮದ್ದು ತಿಂದ್ರೆ ವಾಸಿಯಾಗ್ತದೆ. ರಜೆಗೆ ನಾನು ಭಟ್ಕಳಕ್ಕೆ ಬರ್ತೇನೆ, ಅಣ್ಣನನ್ನು ಕರ್ಕೊಂಡೇ."

"ಅವರು ಒಪ್ಪದಿದ್ರೆ? ಇಲ್ಲಿಯ ಕೆಲಸ?"

"ಅಣ್ಣ ಸುಲಭದಲ್ಲಿ ಒಪ್ಪುದಿಲ್ಲ, ಗೊತ್ತು. ಒಪ್ಪಿಸ್ತೇನೆ. ಕೆಲಸ ಬಿಡ್ತೇನೆ. ಬರ್ಬೇಡ ಅಂತ ಮಾತ್ರ ಹೇಳ್ಬೇಡ."

ಹೊರಗೆ ಹಾರ್ನ್ ಕೇಳಿತು. ಕಫೀಲ್ ಅವಸರಿಸಿ ಕೂಗಿದ, "ಯಲ್ಲಾ!"

ಅವನು ಬ್ಯಾಗು ಎತ್ತಿಕೊಂಡ. ಬೀದಿ ತುಂಬ ಜನ, ಕೈ ಮುಟ್ಟುವುದಕ್ಕೂ ಆಗಲಿಲ್ಲ. ಅವನು ಹತ್ತಿದ ಗಾಡಿಯ ಪಕ್ಕ ಅವಳು ಬಿಸಿಲಿನಲ್ಲಿ ನಿಂತಳು.

ಇಮಾದ್ ಕಿಟಕಿಯ ಗಾಜನ್ನು ಪೂರ್ತಿ ಮೇಲೇರಿಸಿದ. ಗಾಜು ಮುಚ್ಚಿದ ಮೇಲೆ ಮಾಸ್ಕ್ ಕೆಳಗಿಳಿಸಿದ. ದನಿ ಹೊರಗೆ ಬರಲಿಲ್ಲ, ತುಟಿ ಮಾತ್ರ ಕಂಡಿತು.

"ಬಾ."