ಮಂಗಳವಾರದ ಸೋರಿಕೆ

2025ರ ಫೆಬ್ರವರಿ 9, ಭಾನುವಾರ. ಬೆಳಗ್ಗೆ 11.40ಕ್ಕೆ ಸುಕೇಶ್ ಠಾಣೆಗೆ ಬಂದಾಗ ಅವರ ಅಂಗಿಯ ತೋಳಿಗೆ ಸುಟ್ಟಗಾಯದ ಮುಲಾಮು ಮೆತ್ತಿಕೊಂಡಿತ್ತು. ಮಾಟುಂಗದಲ್ಲಿ ಅವರದು ಉಡುಪಿ ಹೋಟೆಲು, ಮನೆ ಪವಾಯಿಯಲ್ಲಿ. ಹೆಂಡತಿ ವಿನೋದಿನಿ ಅಂದು ತಾವೇ ಕಾರು ಓಡಿಸಿಕೊಂಡು ಮಾಟುಂಗದ ದೇವಸ್ಥಾನಕ್ಕೆ ಹೊರಟಿದ್ದರು. ಹೈವೇಯಲ್ಲಿ ಎಂಜಿನ್ ಕುದಿದು ನಿಂತಿತು. ಅವರು ಬಾನೆಟ್ ಎತ್ತಿ ಎಂಜಿನ್ ತಣಿಸುವ ಕೂಲಂಟ್ ದ್ರವದ ಡಬ್ಬಿಯ ಮುಚ್ಚಳ ತಿರುಗಿಸಿದ್ದೇ ತಡ, ಹಬೆ ಮುಖಕ್ಕೂ ಬಲಗೈಗೂ ಬಡಿಯಿತು. ಬಲಗಣ್ಣಿನ ಬಗ್ಗೆ ಡಾಕ್ಟರು ಇನ್ನೂ ಏನೂ ಹೇಳಿರಲಿಲ್ಲ.

ಎರಡು ತಿಂಗಳಲ್ಲಿ ಕಾರು ಹೀಗೆ ಕೆಟ್ಟದ್ದು ಐದನೆಯ ಸಲ. ಮೊದಲ ನಾಲ್ಕು ಸಲವೂ ಗ್ಯಾರೇಜಿನವರು ಸೋರಿಕೆ ಎಲ್ಲೂ ಇಲ್ಲವೆಂದು ಹೇಳಿ ಕಳಿಸಿದ್ದರು. ಹೋಟೆಲಿನ ಹಳೆಯ ಪಾಲುದಾರನೇ ಮಾಡಿಸುತ್ತಿದ್ದಾನೆ ಎಂದು ಸುಕೇಶ್ ದೂರಿನಲ್ಲಿ ಬರೆಸಿದರು. ಹಿರಿಯ ಇನ್‌ಸ್ಪೆಕ್ಟರು ಕೊಲೆ ಯತ್ನದ ಕಲಮು ಹಾಕಿ ಎಫ್‌ಐಆರ್ ದಾಖಲಿಸಿ, ತನಿಖೆಯನ್ನು ಸಬ್‌ಇನ್‌ಸ್ಪೆಕ್ಟರ್ ದಾನೇಶ್ವರಿಗೆ ವಹಿಸಿದರು. ದಾನೇಶ್ವರಿ ಆಂಟಾಪ್ ಹಿಲ್‌ನಲ್ಲಿ ಹುಟ್ಟಿ ಬೆಳೆದವಳು. ತಂದೆತಾಯಿ ವಿಜಯಪುರದ ಕಡೆಯವರು. ಪಾಲುದಾರ ಒಂದು ತಿಂಗಳಿಂದ ಮಂಗಳೂರಿನಲ್ಲೇ ಇದ್ದಾನೆಂಬುದು ಸಂಜೆಯೊಳಗೆ ಖಚಿತವಾಯಿತು.

ಸೋಮವಾರ ಬೆಳಗ್ಗೆ 10.15ಕ್ಕೆ ಗ್ಯಾರೇಜಿನಲ್ಲಿ ಇಬ್ಬರು ಪಂಚರ ಎದುರು ದಾನೇಶ್ವರಿ ಪಂಚನಾಮೆ ಶುರುಮಾಡಿದಳು. ಮೆಕ್ಯಾನಿಕ್ ದೂಜ ಕೂಲಂಟ್ ಡಬ್ಬಿಯ ಬಾಯಿಗೆ ಕೈಪಂಪು ಕಟ್ಟಿ ಗಾಳಿ ಒತ್ತಿದ. ಪಂಪಿನ ಒತ್ತಡದ ಮುಳ್ಳು ಏರಿ ನಿಂತಿತು, ಆಮೇಲೆ ನಿಧಾನವಾಗಿ ಇಳಿಯತೊಡಗಿತು. ಹೋಸು, ವಾಟರ್ ಪಂಪು ಎಲ್ಲ ಒಣಗಿಯೇ ಇದ್ದವು. ಅವನು ಕಾರಿನಡಿ ನುಗ್ಗಿ ಟಾರ್ಚ್ ಹಿಡಿದ. ರೇಡಿಯೇಟರಿನ ತಳದ ಬಿರಡೆಯಿಂದ ಹಸಿರು ಹನಿಯೊಂದು ಇಳಿಯುತ್ತಿತ್ತು.

ನೀರು ಬಸಿಯುವುದಕ್ಕೆಂದೇ ಇರುವ ಪ್ಲಾಸ್ಟಿಕ್ ಬಿರಡೆ ಅದು. ವರ್ಷಕ್ಕೊಮ್ಮೆ ತೆಗೆದರೆ ಹೆಚ್ಚು. ಇದರ ತಿರುಪಿನ ಸುತ್ತುಗೆರೆಗಳು ಸವೆದು ಬೆಳ್ಳಗಾಗಿದ್ದವು. ದೂಜ ಅದನ್ನು ಬಿಚ್ಚಿ ಬೆರಳಾಡಿಸಿ ಮೂಸಿದ.

"ಅರಸಿನ ಮಾರಾಯ್ರೆ."

"ಏನು?"

"ಅರಸಿನ ಪುಡಿ. ಸಣ್ಣ ತೂತಾದ್ರೆ ಲಾರಿಯವರು ಹಾಕ್ತಾರೆ, ಹೋಗಿ ಕೂತು ಮುಚ್ಚಿಕೊಳ್ತದೆ. ಕಾರಿನವರಿಗೆ ಇದೆಲ್ಲ ಗೊತ್ತಿಲ್ಲ."

ಕೆಡಿಸಬೇಕೆಂದವನು ಮುಚ್ಚಲು ಯಾಕೆ ನೋಡುತ್ತಾನೆ ಎಂದು ದಾನೇಶ್ವರಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು. ಗ್ಯಾರೇಜಿನ ಹಳೆಯ ಜಾಬ್ ಕಾರ್ಡುಗಳನ್ನು ತರಿಸಿದಳು. ಡಿಸೆಂಬರ್ 10, ಜನವರಿ 7, ಜನವರಿ 21, ಫೆಬ್ರವರಿ 4. ಹವಾಲ್ದಾರ ಅನಿಲ ಫೋನಿನಲ್ಲಿ ಕ್ಯಾಲೆಂಡರ್ ತೆಗೆದ. ನಾಲ್ಕೂ ಮಂಗಳವಾರ.

ವಿನೋದಿನಿಯವರ ಫೋನು ನೋಡಿದಾಗ ಭಾನುವಾರ ಬೆಳಗ್ಗೆ 8.22ರಿಂದ ಮೂರು ಮಿಸ್ಡ್ ಕಾಲ್ ಇದ್ದವು. ಮೂರೂ ಮನೆಯ ಡ್ರೈವರ್ ಸಾಯಬಣ್ಣನವು. ಅವನ ಮೇಲಿನ ಅನುಮಾನವನ್ನು ಸುಕೇಶ್ ಒಪ್ಪಲಿಲ್ಲ. ಸಾಯಬಣ್ಣ ಮನೆಯವನ ಹಾಗೆ, ಮೊದಲು ಹನ್ನೊಂದು ವರ್ಷ ಲಾರಿ ಓಡಿಸಿದವನು, ಕಾರನ್ನು ಮಗುವಿನಂತೆ ನೋಡಿಕೊಳ್ಳುತ್ತಾನೆ ಎಂದರು.

"ಅವನಿಗೆ ರಜೆ ಯಾವತ್ತು?" ದಾನೇಶ್ವರಿ ಕೇಳಿದಳು.

"ಡ್ರೈವರಿಗೆ ಎಂಥ ರಜೆ ಮೇಡಂ? ಗಾಡಿ ಗ್ಯಾರೇಜಿಗೆ ಹೋದ ದಿನ ರಜೆಯೇ ಅಲ್ವಾ."

ಮಧ್ಯಾಹ್ನ 2.30ಕ್ಕೆ ಸಾಯಬಣ್ಣನನ್ನು ಕರೆತಂದರು. ಐವತ್ತರ ಆಸುಪಾಸಿನ ಮನುಷ್ಯ, ಕುರ್ಚಿಯ ತುದಿಯಲ್ಲಿ ಕುಳಿತ. ಅನಿಲ ಹಿಂದಿಯಲ್ಲಿ ಕೇಳಿದ್ದಕ್ಕೆಲ್ಲ ಒಂದೇ ಉತ್ತರ: ಗೊತ್ತಿಲ್ಲ ಸಾಬ್. ದಾನೇಶ್ವರಿ ಮನೆಯಲ್ಲಾಡುವ ವಿಜಯಪುರದ ಮಾತಿಗೆ ಇಳಿದಳು. ಇಳಿಯುವಾಗಲೇ ಅವಳಿಗೆ ತನ್ನ ಬಗ್ಗೆ ಅಳುಕಾಯಿತು. ಈ ಮಾತಿನ ಎದುರು ಅವನು ಸುಳ್ಳು ಹೇಳಲಾರ ಎಂದು ಗೊತ್ತಿತ್ತು.

"ಕಾಕಾ, ಮಂಗಳವಾರ ಎಲ್ಲಿ ಹೊಕ್ಕಿದ್ರಿ?"

ಅವನು ತಲೆ ಎತ್ತಿದ.

"ದವಾಖಾನಿಗಿ, ಮೇಡಮ್ಮರ. ನಮ್ಮಾಕಿ ಗುರುಬಾಯಿಗಿ ಕಿಡ್ನಿ ಹೋಗ್ಯಾವ. ವಾರಕ್ಕ ಎರಡ ಸಲ ಮಷೀನಿಗಿ ಹಚ್ಚಬೇಕು."

ಶುಕ್ರವಾರ ನೆರೆಮನೆಯ ಶರಣವ್ವ ಕರೆದೊಯ್ಯುತ್ತಾಳೆ. ಮಂಗಳವಾರ ಅವಳಿಗೆ ಮನೆಗೆಲಸದಿಂದ ಬಿಡುವಿಲ್ಲ. ಮಷೀನಿನಿಂದ ಇಳಿದ ಮೇಲೆ ಗುರುಬಾಯಿಗೆ ಒಬ್ಬಳೇ ನಿಲ್ಲಲಾಗುವುದಿಲ್ಲ. ಸಾಯಬಣ್ಣ ಎರಡು ಸಲ ರಜೆ ಕೇಳಿದ್ದ. ಬದಲಿ ಡ್ರೈವರನ್ನು ನೀನೇ ತಾ ಎಂದಿದ್ದರು. ಕೆಲಸ ಬಿಡೋಣವೆಂದರೆ ಆಂಟಾಪ್ ಹಿಲ್‌ನ ಖೋಲಿ, ಅವನಿರುವ ಒಂದೇ ಕೋಣೆಯ ಮನೆ, ಸುಕೇಶರದು, ಕೆಲಸದ ಜೊತೆಗೆ ಸಿಕ್ಕದ್ದು. ಹಾಗಾಗಿ ಕೆಲವು ಮಂಗಳವಾರ ಬೆಳಗ್ಗೆ ಪಾರ್ಕಿಂಗಿನಲ್ಲಿ ಬಿರಡೆ ಸಡಿಲಿಸಿ ಕೂಲಂಟನ್ನು ಕ್ಯಾನಿಗೆ ಬಸಿದು, ಮತ್ತೆ ಬಿಗಿದು, ಎಂಜಿನ್ ಕಾದು ಕೆಂಪು ದೀಪ ಹತ್ತಿದೆ ಎಂದು ಸುಕೇಶರಿಗೆ ಫೋನು ಮಾಡುತ್ತಿದ್ದ.

"ಉಳಿದ ಮಂಗಳವಾರ?"

"ಹೋಗ್ತಿರಲಿಲ್ಲ, ಆಕೀಗಿ ಮಷೀನ ತಪ್ಪತಿತ್ತು. ವಾರಾ ವಾರಾ ಕೆಟ್ಟರ ಗಾಡೀನ ಮಾರಿಬಿಡ್ತಾರ್ರಿ."

ಶನಿವಾರ ಬಿರಡೆ ನಿಜವಾಗಿಯೇ ಹನಿಯುವುದನ್ನು ಅವನು ಕಂಡಿದ್ದ. ಅರಿಶಿನ ಹಾಕಿ, ಭಾನುವಾರ ಬೇಗ ಬಂದು ನೋಡೋಣ ಎಂದುಕೊಂಡಿದ್ದ. ಲೋಕಲ್ ತಡವಾಯಿತು. ಅವನು ತಲುಪುವ ಹೊತ್ತಿಗೆ ಕಾರು ಹೊರಟುಹೋಗಿತ್ತು.

"ಮೂರ ಸಲ ಫೋನ್ ಮಾಡೀನ್ರಿ. ಬಾಯಾರು ಎತ್ತಲಿಲ್ಲ. ಕಣ್ಣ ಹೆಂಗೈತ್ರಿ ಅವರದು?"

ಕೊಲೆ ಯತ್ನ ಇದಲ್ಲವೆಂದು ದಾನೇಶ್ವರಿ ಹಿರಿಯ ಇನ್‌ಸ್ಪೆಕ್ಟರ ಬಳಿ ಹೋದಳು. ಅವರು ಹೇಳಿಕೆಯನ್ನು ಪೂರ್ತಿ ಓದಿದರು. ಹೆಂಗಸಿನ ಕಣ್ಣು ಹೋಗುವಂತಿದೆ, ಎಫ್‌ಐಆರ್‌ನಲ್ಲಿ ಕಲಮಿದೆ, ಇವತ್ತು ಬಂಧಿಸಿ; ಕಲಮು ಇಳಿಸುವ ವರದಿಯನ್ನು ನಾಳೆ ಕೋರ್ಟಿಗೆ ಕೊಡೋಣ ಎಂದರು. ಅದರಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ.

ಬಂಧನ 16.25ಕ್ಕೆ. ಕೇಸ್ ಡೈರಿಯಲ್ಲಿ ಅವಳು ಬರೆದಳು: ಆರೋಪಿಗೆ ದೂರುದಾರರ ಮೇಲೆ ದ್ವೇಷವಿಲ್ಲ. ಹೆಂಡತಿಯ ಚಿಕಿತ್ಸೆಗೆ ವಾರದಲ್ಲಿ ಒಂದು ದಿನ ಬೇಕಿತ್ತು. ಆ ದಿನ ಪಡೆಯುವ ಬೇರೆ ದಾರಿ ಅವನಿಗೆ ಕಾಣಲಿಲ್ಲ.

ಬಂಧನದ ವಿಷಯ ಮನೆಯವರಿಗೆ ತಿಳಿಸುವುದು ಉಳಿದಿತ್ತು. ಅವನ ಫೋನಿನಿಂದಲೇ ಹಚ್ಚಿದಳು. ಒಂದೇ ರಿಂಗಿಗೆ ಎತ್ತಿದರು. ಸಾಯಬಣ್ಣನ ಮನೆಯವರೇ ಎಂದು ದಾನೇಶ್ವರಿ ಕೇಳಿ ಮುಗಿಸುವಷ್ಟರಲ್ಲಿ ಆ ಕಡೆ ಗುರುಬಾಯಿಯ ದನಿ ಹಗುರಾಯಿತು.

"ಗಾಡಿ ಮತ್ತ ಕೆಟ್ಟೈತೇನ್ರಿ? ಹಂಗಾರ ನಾಳಿ ದವಾಖಾನಿಗಿ ಬರ್ತಾರ್ ತಗೋರಿ."

ದಾನೇಶ್ವರಿ ಒಂದು ನಿಮಿಷ ಎಂದು ಹೇಳಿ ಫೋನನ್ನು ಅಂಗೈಯಿಂದ ಮುಚ್ಚಿದಳು. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಮುಂದಿನ ಮಾತು ಲಾಕಪ್ಪಿನವರೆಗೆ ಕೇಳಿಸಬಾರದಿತ್ತು.